ಪ್ರಶ್ನೋತ್ತರ: ಈಗ ಸಿಪಿಯು ಯಾರ ಕೈಯಲ್ಲಿದೆ?

ಪದವಿ ತರಗತಿಗಳಲ್ಲಿ ಆಪರೇಟಿಂಗ್ ಸಿಸ್ಟಮ್ ವಿಷಯವನ್ನು ಕಲಿಸುವ ಮತ್ತು ಕಲಿಯುವ ಬಗ್ಗೆ ಮುಂಬಯಿ, ಪುಣೆ ಮತ್ತು ಗೋವೆಯ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಬಾರಿ ಆಯ್ದುಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಪುಣೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತಿದ್ದೇನೆ. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಎಂದರೇನು, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಎಂದರೇನು ಎಂದು ಕೇಳಿದರೆ ವಿದ್ಯಾರ್ಥಿಗಳು ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದನ್ನೇ ಸ್ವಲ್ಪ ತಿರುಗಿಸಿ ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ. ಮೊದಲ ಕೆಲವು ವಾರಗಳ ಪಾಠವನ್ನು ಎಲ್ಲಿಂದ ಆರಂಭಿಸಬೇಕು? — ಅಧ್ಯಾಪಕಿ, ಕೋಥ್ರೂಡ್, ಪುಣೆ

ಉತ್ತರ: ಆರಂಭವನ್ನು ಬದಲಿಸಿದರೆ ನಿಮ್ಮ ತೊಂದರೆಯ ದೊಡ್ಡ ಭಾಗ ನಿವಾರಣೆಯಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಅನೇಕ ತರಗತಿಗಳಲ್ಲಿ ಮೊದಲ ದಿನವೇ, ಆಪರೇಟಿಂಗ್ ಸಿಸ್ಟಮ್ ಎಂದರೆ ಸರ್ಕಾರವಿದ್ದಂತೆ, ಅದು ಎಲ್ಲರ ಮೇಲೂ ಕಣ್ಣಿಟ್ಟು ಸಂಪನ್ಮೂಲಗಳನ್ನು ಹಂಚುತ್ತದೆ ಎಂದು ಹೇಳಿಬಿಡುತ್ತೇವೆ. ಕೇಳಲು ಹಿತವಾಗಿರುವ ಈ ಹೋಲಿಕೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಬೇರೂರಿಸುವ ಕಲ್ಪನೆ ಮಾತ್ರ ತಪ್ಪು. ಕರ್ನಲ್ ಎಂಬುದು ಉಳಿದ ಪ್ರೋಗ್ರಾಮುಗಳ ಪಕ್ಕದಲ್ಲಿ ಸದಾ ಎಚ್ಚರವಾಗಿದ್ದು ಅವುಗಳನ್ನು ಗಮನಿಸುತ್ತಿರುವ ಬೇರೊಂದು ಶಕ್ತಿ ಎಂದು ಅವನು ತಿಳಿದುಕೊಳ್ಳುತ್ತಾನೆ. ನಿಜಸ್ಥಿತಿ ಹಾಗಿಲ್ಲ. ಸಿಪಿಯುವಿನ ಒಂದು ಕೋರ್‌ನಲ್ಲಿ, ಅಂದರೆ ಆದೇಶಗಳನ್ನು ನಡೆಸುವ ಒಂದು ಘಟಕದಲ್ಲಿ, ವಿದ್ಯಾರ್ಥಿಯ ಪ್ರೋಗ್ರಾಮ್ ಓಡುತ್ತಿರುವಾಗ ಆ ಕೋರ್‌ನಲ್ಲಿ ಕರ್ನಲ್ ಓಡುತ್ತಿರುವುದಿಲ್ಲ. ಕರ್ನಲ್ ಕೂಡ ಮೆಮೊರಿಯಲ್ಲಿರುವ ಕೋಡ್ ಮಾತ್ರ. ಸಿಪಿಯು ಆ ಕೋಡಿಗೆ ಬಂದರಷ್ಟೇ ಅದು ಏನನ್ನಾದರೂ ಮಾಡಬಲ್ಲದು.

ಆದ್ದರಿಂದ ಮೊದಲ ದಿನ ಕಪ್ಪುಹಲಗೆಯ ಮೇಲೆ ಬರೆಯಬೇಕಾದ ಪ್ರಶ್ನೆ ಇದು: ಪ್ರೋಗ್ರಾಮ್ ಓಡುತ್ತಿರುವಾಗ ಕರ್ನಲ್ ಓಡುತ್ತಿಲ್ಲವೆಂದಾದರೆ, ಸಿಪಿಯು ಮರಳಿ ಕರ್ನಲ್‌ನ ಕೈಗೆ ಬರುವುದು ಹೇಗೆ? ಈ ಪ್ರಶ್ನೆ ಹೊಳೆದ ವಿದ್ಯಾರ್ಥಿಗೆ ಮುಂದಿನ ಅಧ್ಯಾಯಗಳಲ್ಲಿ ಹೆಚ್ಚಿನವು ಉತ್ತರಗಳಾಗಿ ಕಾಣತೊಡಗುತ್ತವೆ. ಪ್ರೋಗ್ರಾಮ್ ತಾನಾಗಿಯೇ ಕರ್ನಲನ್ನು ಕರೆಯಬಹುದು. ಅದು ಸಿಸ್ಟಮ್ ಕಾಲ್. ಪ್ರೋಗ್ರಾಮ್ ಮುಂದೆ ಸಾಗಲಾರದ ಸ್ಥಿತಿಗೆ ಬರಬಹುದು. ಪೇಜ್ ಫಾಲ್ಟ್ (ಮೆಮೊರಿಯ ಪುಟವೊಂದನ್ನು ಬಳಸಲು ಹೋದಾಗ ಬರುವ ತಡೆ) ಮತ್ತು ಶೂನ್ಯದಿಂದ ಭಾಗಿಸುವ ಯತ್ನ ಇದಕ್ಕೆ ಉದಾಹರಣೆಗಳು. ಇವೆರಡೂ ಇಲ್ಲದಿದ್ದಾಗ ಡಿಸ್ಕ್, ನೆಟ್‌ವರ್ಕ್, ಟೈಮರ್ ಮುಂತಾದ ಹೊರಗಿನ ಸಾಧನವೊಂದು ಇಂಟರಪ್ಟ್, ಅಂದರೆ ಸಿಪಿಯು ಮಾಡುತ್ತಿರುವ ಕೆಲಸವನ್ನು ತಡೆಯುವ ಸಂಕೇತ, ಕಳಿಸಬಹುದು. ಈ ಮೂರೂ ಸಂದರ್ಭಗಳಲ್ಲಿ ಹಾರ್ಡ್‌ವೇರ್ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ: ಪ್ರೋಗ್ರಾಮ್ ಎಲ್ಲಿತ್ತು ಎಂಬುದನ್ನು ಉಳಿಸಿಕೊಂಡು, ಸೀಮಿತ ಅಧಿಕಾರದ ಯೂಸರ್ ಮೋಡಿನಿಂದ ಪೂರ್ಣ ಅಧಿಕಾರದ ಕರ್ನಲ್ ಮೋಡಿಗೆ ಬದಲಾಗಿ, ಯಂತ್ರ ಆರಂಭವಾಗುವಾಗಲೇ ಕರ್ನಲ್ ಗೊತ್ತುಮಾಡಿಟ್ಟಿದ್ದ ವಿಳಾಸಕ್ಕೆ ಜಿಗಿಯುವುದು.

ಇದನ್ನು ಮಾತಿನಲ್ಲಿ ಹೇಳಿ ಬಿಡಬೇಡಿ, ಪ್ರಯೋಗದಲ್ಲಿ ತೋರಿಸಿ. ಕೊನೆಯೇ ಇಲ್ಲದ ಒಂದು ಖಾಲಿ ಲೂಪನ್ನು ಬರೆಸಿ, ಲಿನಕ್ಸ್‌ನ ಟಾಸ್ಕ್‌ಸೆಟ್ ಆದೇಶದಿಂದ ಅದರ ಎರಡು ಪ್ರತಿಗಳನ್ನು ಒಂದೇ ಕೋರ್‌ಗೆ ಕಟ್ಟಿಹಾಕಿ ಓಡಿಸಿ. ಓಡಿಸುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಏನಾಗುತ್ತದೆಂಬ ತನ್ನ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು. ಈ ನಿಯಮವನ್ನು ಎಂದೂ ಸಡಿಲಿಸಬೇಡಿ. ಯಾವ ಪ್ರೋಸೆಸ್ ಎಷ್ಟು ಸಿಪಿಯು ಬಳಸುತ್ತಿದೆ ಎಂದು ತೋರಿಸುವ ಟಾಪ್ ಆದೇಶದ ಪರದೆಯಲ್ಲಿ ಎರಡೂ ಪ್ರತಿಗಳು ಶೇಕಡ 50ರ ಆಸುಪಾಸಿನಲ್ಲಿ ಕಾಣಿಸುತ್ತವೆ. ಎರಡೂ ಪ್ರೋಗ್ರಾಮುಗಳು ಒಂದೇ ಒಂದು ಸಿಸ್ಟಮ್ ಕಾಲನ್ನೂ ಮಾಡುತ್ತಿಲ್ಲ, ಸಿಪಿಯು ಬಿಟ್ಟುಕೊಡುತ್ತೇನೆ ಎಂದು ಯಾವುದೂ ಹೇಳಿಲ್ಲ. ಆದರೂ ಪಾಲು ಸಮನಾಗಿದೆ. ಟೈಮರ್ ಇಂಟರಪ್ಟ್ ಇಲ್ಲದೆ ಇದು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ವಿದ್ಯಾರ್ಥಿಗಳು ತಾವೇ ಬರುತ್ತಾರೆ. ಈಗ ಒಂದು ಪ್ರತಿಯ ನೈಸ್ ಮೌಲ್ಯವನ್ನು (ಇದು ಹೆಚ್ಚಿದಷ್ಟೂ ಸಿಪಿಯು ಪಾಲು ಕಡಿಮೆ) 5ಕ್ಕೆ ಏರಿಸಿ. ಲಿನಕ್ಸ್ ನೈಸ್ 0ಕ್ಕೆ 1024 ಮತ್ತು ನೈಸ್ 5ಕ್ಕೆ 335 ಎಂಬ ತೂಕಗಳನ್ನು ಬಳಸುವುದರಿಂದ ಪಾಲು ಸುಮಾರು 75 ಮತ್ತು 25 ಆಗುತ್ತದೆ. ಲೆಕ್ಕ ಕಾಗದದ ಮೇಲೂ ಪರದೆಯ ಮೇಲೂ ಒಂದೇ ಬರುವುದನ್ನು ಕಂಡಾಗ ಅವರಿಗೆ ವಿಷಯದ ಮೇಲೆ ನಂಬಿಕೆ ಹುಟ್ಟುತ್ತದೆ. ಎರಡೂ ಪ್ರತಿಗಳನ್ನು ಒಂದೇ ಟರ್ಮಿನಲ್ಲಿನಿಂದ ಆರಂಭಿಸಿ. ಬೇರೆ ಬೇರೆ ಟರ್ಮಿನಲ್ಲುಗಳಿಂದ ಆರಂಭಿಸಿದರೆ ಲಿನಕ್ಸ್ ಅವನ್ನು ಪ್ರತ್ಯೇಕ ಗುಂಪುಗಳೆಂದು ಪರಿಗಣಿಸಿ ಸಮನಾಗಿ ಹಂಚುವುದುಂಟು, ಆಗ ನೈಸ್ ಬದಲಾವಣೆ ಕಾಣುವುದೇ ಇಲ್ಲ.

ಟೈಮರ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಚರಿತ್ರೆಯಲ್ಲೇ ಉದಾಹರಣೆಯಿದೆ. ವಿಂಡೋಸ್ 3.1ರಲ್ಲಿ ಸಾಮಾನ್ಯ ಪ್ರೋಗ್ರಾಮುಗಳು ತಾವಾಗಿ ಬಿಟ್ಟುಕೊಟ್ಟರೆ ಮಾತ್ರ ಸಿಪಿಯು ಬೇರೆ ಪ್ರೋಗ್ರಾಮುಗಳಿಗೆ ಸಿಗುತ್ತಿತ್ತು. ಹಳೆಯ ಮ್ಯಾಕ್ ಓಎಸ್ ಕೂಡ 9ನೆಯ ಆವೃತ್ತಿಯವರೆಗೆ ಬಹುಮಟ್ಟಿಗೆ ಹಾಗೆಯೇ ಇತ್ತು. ಒಂದು ಪ್ರೋಗ್ರಾಮ್ ಲೂಪಿನಲ್ಲಿ ಸಿಕ್ಕಿಕೊಂಡರೆ ಉಳಿದವೆಲ್ಲ ಸ್ತಬ್ಧವಾಗುತ್ತಿದ್ದವು. ಬ್ಯಾಚ್ ವ್ಯವಸ್ಥೆ, ಮಲ್ಟಿಪ್ರೋಗ್ರಾಮಿಂಗ್, ಟೈಮ್ ಶೇರಿಂಗ್ ಎಂದು ಮೊದಲ ಅಧ್ಯಾಯದಲ್ಲಿ ಬರುವ ವರ್ಗೀಕರಣವನ್ನು ಬಾಯಿಪಾಠ ಮಾಡಿಸುವ ಬದಲು ಅದರಿಂದ ಈ ಒಂದು ಎಳೆಯನ್ನು ಎತ್ತಿಕೊಂಡರೆ ಸಾಕು.

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವನು, ಈಗ ಬಿ.ಎಸ್‌ಸಿ. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಹೊಸ ಪ್ರೋಸೆಸ್ ಹುಟ್ಟಿಸುವ ಫೋರ್ಕ್ ಎಂಬ ಸಿಸ್ಟಮ್ ಕಾಲ್ ಒಮ್ಮೆ ಕರೆದರೆ ಎರಡು ಬಾರಿ ಹಿಂದಿರುಗುತ್ತದೆ ಎಂದು ಸರ್ ಹೇಳಿದರು. ಅದು ಹೇಗೆ ಸಾಧ್ಯ? ಇಡೀ ಮೆಮೊರಿಯ ನಕಲು ಮಾಡಿದರೆ ನಿಧಾನವಾಗುವುದಿಲ್ಲವೇ? — ವಿದ್ಯಾರ್ಥಿ, ಡೊಂಬಿವಲಿ

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳು ಒಳ್ಳೆಯವು, ಎರಡಕ್ಕೂ ಮೇಲಿನ ಉತ್ತರವೇ ಆಧಾರ. ನಿಮ್ಮ ಪ್ರೋಸೆಸ್ ಫೋರ್ಕ್ ಕರೆದು ಕರ್ನಲ್ ಒಳಗೆ ಹೋದಾಗ, ಅದು ಎಲ್ಲಿತ್ತು, ಯಾವ ರಿಜಿಸ್ಟರಿನಲ್ಲಿ (ಸಿಪಿಯು ಒಳಗಿನ ಚಿಕ್ಕ ಶೇಖರಣಾ ಸ್ಥಾನದಲ್ಲಿ) ಯಾವ ಮೌಲ್ಯವಿತ್ತು ಎಂಬುದನ್ನೆಲ್ಲ ಉಳಿಸಿಡಲಾಗಿರುತ್ತದೆ. ಕರ್ನಲ್ ಹೊಸ ಪ್ರೋಸೆಸ್ಸಿಗಾಗಿ ಆ ಉಳಿಸಿಟ್ಟ ಮೌಲ್ಯಗಳ ಪ್ರತಿಯೊಂದನ್ನು ಮಾಡಿ, ಅದರಲ್ಲಿ ಫಲಿತಾಂಶ ಬರುವ ಒಂದು ರಿಜಿಸ್ಟರನ್ನು ಮಾತ್ರ ತಿದ್ದಿ 0 ಇಡುತ್ತದೆ. ಮೂಲ ಪ್ರೋಸೆಸ್ಸಿನ ಅದೇ ರಿಜಿಸ್ಟರಿನಲ್ಲಿ ಹೊಸ ಪ್ರೋಸೆಸ್ಸಿನ ಸಂಖ್ಯೆಯನ್ನು ಇಡುತ್ತದೆ. ಈಗ ಇರುವುದು ಎರಡು ಪ್ರೋಸೆಸ್‌ಗಳು. ಸರದಿ ಬಂದಾಗ ಪ್ರತಿಯೊಂದೂ ತನ್ನ ಪಾಲಿಗೆ ಒಮ್ಮೆ ಮಾತ್ರ, ಒಂದೇ ಸಾಲಿನಿಂದ, ಮುಂದುವರಿಯುತ್ತದೆ. ಹೊಸ ಪ್ರೋಸೆಸ್ ಮುಖ್ಯ ಫಂಕ್ಷನ್ನಿನ ಆರಂಭದಿಂದ ಓಡುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಮೂರು ಫೋರ್ಕ್ ಸಾಲುಗಳನ್ನು ಒಂದರ ಕೆಳಗೊಂದು ಬರೆದರೆ ಒಟ್ಟು ಪ್ರೋಸೆಸ್‌ಗಳು 8 ಆಗುವುದು ಏಕೆಂದು ಇದರಿಂದಲೇ ತಿಳಿಯುತ್ತದೆ.

ಮೆಮೊರಿಯ ವಿಷಯದಲ್ಲಿ ಕರ್ನಲ್ ಜಾಣತನ ತೋರುತ್ತದೆ. ಲಿನಕ್ಸ್ ಮುಂತಾದವು ಫೋರ್ಕ್ ಸಮಯದಲ್ಲಿ ಮೆಮೊರಿಯ ಪುಟಗಳನ್ನು ನಕಲು ಮಾಡುವುದಿಲ್ಲ. ಯಾವ ಪುಟ ಮೆಮೊರಿಯಲ್ಲಿ ಎಲ್ಲಿದೆ ಎಂಬ ಪಟ್ಟಿಯಾದ ಪೇಜ್ ಟೇಬಲನ್ನು ಮಾತ್ರ ನಕಲು ಮಾಡಿ, ಬರೆಯಬಹುದಾಗಿದ್ದ ಪುಟಗಳನ್ನು ಎರಡೂ ಕಡೆ ಓದಲು ಮಾತ್ರ ಎಂದು ಗುರುತಿಸುತ್ತವೆ. ಇಬ್ಬರಲ್ಲಿ ಯಾರಾದರೂ ಒಂದು ಪುಟಕ್ಕೆ ಬರೆಯಲು ಹೊರಟರೆ ಪೇಜ್ ಫಾಲ್ಟ್ ಆಗಿ ಸಿಪಿಯು ಕರ್ನಲ್‌ನ ಕೈಗೆ ಬರುತ್ತದೆ, ಆಗ ಆ ಒಂದು ಪುಟದ ಪ್ರತಿ ಸಿದ್ಧವಾಗುತ್ತದೆ. ಪುಟವೊಂದರ ಗಾತ್ರ ಸಾಮಾನ್ಯವಾಗಿ 4096 ಬೈಟ್. ಪೇಜ್ ಫಾಲ್ಟ್ ಎಂದರೆ ಯಾವಾಗಲೂ ದೋಷ ಎಂದು ಭಾವಿಸಬೇಡಿ. ಕರ್ನಲ್ ಅದನ್ನು ತನ್ನ ಕೆಲಸಕ್ಕೆ ಬೇಕೆಂದೇ ಬಳಸಿಕೊಳ್ಳುತ್ತದೆ.

ಮನೆಯಲ್ಲಿ ಒಂದು ಪ್ರಯೋಗ ಮಾಡಿ. ಸಿ ಭಾಷೆಯಲ್ಲಿ, ಹೊಸ ಸಾಲಿನ ಚಿಹ್ನೆಯಿಂದ ಮುಗಿಯುವ ಒಂದು ವಾಕ್ಯವನ್ನು ಪ್ರಿಂಟ್‌ಎಫ್ ಮೂಲಕ ಮುದ್ರಿಸಿ, ಅದರ ನಂತರ ಒಮ್ಮೆ ಫೋರ್ಕ್ ಕರೆಯುವ ಪ್ರೋಗ್ರಾಮ್ ಬರೆಯಿರಿ. ಪರದೆಯ ಮೇಲೆ ಓಡಿಸಿದರೆ ವಾಕ್ಯ ಒಂದು ಬಾರಿ ಬರುತ್ತದೆ. ಅದೇ ಪ್ರೋಗ್ರಾಮಿನ ಫಲಿತಾಂಶವನ್ನು ಒಂದು ಫೈಲಿಗೆ ತಿರುಗಿಸಿ ಓಡಿಸಿದರೆ ಫೈಲಿನಲ್ಲಿ ಎರಡು ಬಾರಿ ಇರುತ್ತದೆ. ಪರದೆಗೆ ಬರೆಯುವಾಗ ಸಿ ಲೈಬ್ರರಿ ಪ್ರತಿ ಸಾಲನ್ನೂ ಒಡನೆ ಕರ್ನಲ್‌ಗೆ ಒಪ್ಪಿಸುತ್ತದೆ, ಫೈಲಿಗಾದರೆ ತನ್ನ ಬಫರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ಬಫರ್ ನಿಮ್ಮ ಪ್ರೋಸೆಸ್ಸಿನ ಮೆಮೊರಿಯಲ್ಲೇ ಇರುವುದರಿಂದ ಫೋರ್ಕ್‌ನೊಂದಿಗೆ ಅದೂ ಇಬ್ಬರಿಗೂ ಸಿಗುತ್ತದೆ, ಮುಗಿಯುವಾಗ ಇಬ್ಬರೂ ಅದನ್ನು ಬರೆಯುತ್ತಾರೆ. ಲೈಬ್ರರಿ ಎಲ್ಲಿ ಮುಗಿಯುತ್ತದೆ, ಕರ್ನಲ್ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಚಿಕ್ಕ ಪ್ರಯೋಗ ನನಗೆ ಗೊತ್ತಿಲ್ಲ. ಎಸ್‌ಟ್ರೇಸ್ ಎಂಬ ಸಾಧನದಿಂದ ಎರಡೂ ಸಲದ ಸಿಸ್ಟಮ್ ಕಾಲ್‌ಗಳನ್ನು ಸಾಲುಸಾಲಾಗಿ ನೋಡಿ ಹೋಲಿಸಿರಿ.

ಪ್ರಶ್ನೆ: ಪರೀಕ್ಷೆಯಲ್ಲಿ ಬರುವುದು ಗ್ಯಾಂಟ್ ಚಾರ್ಟ್ (ಯಾವ ಪ್ರೋಸೆಸ್ ಯಾವಾಗ ಓಡುತ್ತದೆಂಬ ನಕ್ಷೆ) ಮತ್ತು ಪೇಜ್ ಬದಲಾವಣೆಯ (ಮೆಮೊರಿ ತುಂಬಿದಾಗ ಯಾವ ಪುಟವನ್ನು ಹೊರಹಾಕಬೇಕೆಂಬ) ಲೆಕ್ಕಗಳು. ಅವುಗಳನ್ನು ಬಿಟ್ಟು ಪ್ರಯೋಗಗಳಿಗೆ ಸಮಯ ಕೊಟ್ಟರೆ ವಿದ್ಯಾರ್ಥಿಗಳಿಗೆ ಅಂಕದ ನಷ್ಟವಾಗುವುದಿಲ್ಲವೇ? — ಅಧ್ಯಾಪಕರು, ಥಾಣೆ

ಉತ್ತರ: ಲೆಕ್ಕಗಳನ್ನು ಬಿಡಬೇಡಿ, ಅಂಕ ಬೇಕಾದ ವಿದ್ಯಾರ್ಥಿಯ ಅಗತ್ಯವನ್ನು ಕಡೆಗಣಿಸುವ ಹಕ್ಕು ನಮಗಿಲ್ಲ. ಆದರೆ ಪ್ರತಿ ಲೆಕ್ಕಕ್ಕೂ, ಇದರಲ್ಲಿ ನಾವು ಏನನ್ನು ಊಹಿಸಿಕೊಂಡಿದ್ದೇವೆ ಎಂಬ ಒಂದು ಪ್ರಶ್ನೆಯನ್ನು ಸೇರಿಸಿ. ಅತಿ ಚಿಕ್ಕ ಕೆಲಸ ಮೊದಲು ಎಂಬ ಕ್ರಮದ ಗ್ಯಾಂಟ್ ಚಾರ್ಟ್ ಹಾಕುವಾಗ ಪ್ರತಿ ಪ್ರೋಸೆಸ್ಸಿಗೂ ಎಷ್ಟು ಸಮಯ ಬೇಕೆಂಬುದು ಮೊದಲೇ ಗೊತ್ತಿದೆ ಎಂದುಕೊಳ್ಳುತ್ತೇವೆ, ಆದರೆ ನಿಜವಾದ ಕರ್ನಲ್‌ಗೆ ಅದನ್ನು ಯಾರೂ ಹೇಳುವುದಿಲ್ಲ. ಹಾಗಾದರೆ ಅದು ಏನು ಮಾಡಬೇಕು? ಪ್ರೋಸೆಸ್ ಇದುವರೆಗೆ ಹೇಗೆ ನಡೆದುಕೊಂಡಿದೆ ಎಂಬುದರಿಂದ ಮುಂದಿನದನ್ನು ಅಂದಾಜು ಮಾಡಬೇಕು. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ಟೈಮ್ ಶೇರಿಂಗ್ ವ್ಯವಸ್ಥೆಗಾಗಿ 1962ರಲ್ಲಿ ವಿವರಿಸಿದ ಬಹುಹಂತದ ಸರದಿಗಳ ವಿಧಾನ ಹುಟ್ಟಿದ್ದು ಈ ಕೊರತೆಯಿಂದಲೇ. ಲೆಕ್ಕ ಮಾಡಿಸಿದ ಮರುಗಳಿಗೆಯಲ್ಲೇ ಇದನ್ನು ಹೇಳಿದರೆ ಲೆಕ್ಕಕ್ಕೂ ಒಂದು ಉದ್ದೇಶ ಬರುತ್ತದೆ.

ಪೇಜ್ ಬದಲಾವಣೆಯಲ್ಲಿ 1, 2, 3, 4, 1, 2, 5, 1, 2, 3, 4, 5 ಎಂಬ ಕ್ರಮದಲ್ಲಿ ಪುಟಗಳನ್ನು ಕೇಳುವ ಸರಣಿಯನ್ನು ಕೊಡಿ. ಮೊದಲು ಬಂದದ್ದು ಮೊದಲು ಹೊರಗೆ ಎಂಬ ಕ್ರಮದಲ್ಲಿ ಮೆಮೊರಿಯಲ್ಲಿ ಪುಟಗಳನ್ನಿಡುವ 3 ಫ್ರೇಮುಗಳಿದ್ದಾಗ 9 ಫಾಲ್ಟ್‌ಗಳಾಗುತ್ತವೆ. ಫ್ರೇಮುಗಳನ್ನು 4ಕ್ಕೆ ಏರಿಸಿದರೆ ಎಷ್ಟಾಗಬಹುದೆಂದು ಕೇಳಿದಾಗ ತರಗತಿಯೆಲ್ಲ ಕಡಿಮೆಯಾಗುತ್ತದೆ ಎನ್ನುತ್ತದೆ. ಲೆಕ್ಕ ಹಾಕಿದರೆ 10 ಬರುತ್ತದೆ. 1969ರಲ್ಲಿ ಬೆಲಾಡಿ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟ ಈ ವಿಚಿತ್ರವನ್ನು ಊಹೆಗೆ ಮೊದಲು ಹೇಳಿಬಿಟ್ಟರೆ ಅದರ ರುಚಿಯೆಲ್ಲ ಹೋಗುತ್ತದೆ.

ನಾನು ಹೆಚ್ಚು ಬೆಲೆ ಕೊಡುವ ಲೆಕ್ಕ ಬೇರೊಂದಿದೆ. 32 ಬಿಟ್ ವಿಳಾಸ, 4 ಕಿಲೋಬೈಟ್ ಪುಟ, ಪ್ರತಿ ನಮೂದಿಗೆ 4 ಬೈಟ್ ಎಂದಾದರೆ ಒಂದೇ ಹಂತದ ಪೇಜ್ ಟೇಬಲ್ಲಿನಲ್ಲಿ 10,48,576 ನಮೂದುಗಳಿದ್ದು, ಪ್ರತಿ ಪ್ರೋಸೆಸ್ಸಿಗೆ 4 ಮೆಗಾಬೈಟ್ ಬೇಕಾಗುತ್ತದೆ. ನೂರು ಚಿಕ್ಕ ಪ್ರೋಸೆಸ್‌ಗಳಿದ್ದರೆ ಪೇಜ್ ಟೇಬಲ್‌ಗಳಿಗೇ 400 ಮೆಗಾಬೈಟ್. ಎರಡು ಹಂತ ಮಾಡಿದರೆ, ಕೆಳಗಡೆ ಸ್ವಲ್ಪ ಕೋಡ್ ಮತ್ತು ಡೇಟಾ, ಮೇಲ್ಗಡೆ ಸ್ವಲ್ಪ ಸ್ಟ್ಯಾಕ್ ಇರುವ ಪ್ರೋಸೆಸ್ಸಿಗೆ ಮೂರೇ ಪುಟಗಳು, ಅಂದರೆ 12 ಕಿಲೋಬೈಟ್ ಸಾಕಾಗುತ್ತದೆ. ಈ ಲೆಕ್ಕವನ್ನು ತಾನೇ ಮಾಡಿದ ವಿದ್ಯಾರ್ಥಿಗೆ ಬಹುಹಂತದ ಪೇಜ್ ಟೇಬಲ್ ಏಕೆ ಬೇಕೆಂದು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ಪ್ರಶ್ನೆ: ಡೆಡ್‌ಲಾಕ್ (ಪ್ರೋಸೆಸ್‌ಗಳು ಒಂದಕ್ಕೊಂದು ಕಾಯುತ್ತ ನಿಂತುಬಿಡುವುದು) ಅಧ್ಯಾಯದಲ್ಲಿ ಅದನ್ನು ತಪ್ಪಿಸುವ ಬ್ಯಾಂಕರ್ಸ್ ಅಲ್ಗಾರಿದಮ್‌ಗೆ ನಾವು ತುಂಬ ಸಮಯ ಕೊಡುತ್ತೇವೆ. ಆದರೂ ವಿದ್ಯಾರ್ಥಿಗಳು ಥ್ರೆಡ್ (ಒಂದೇ ಪ್ರೋಸೆಸ್ಸಿನ ಮೆಮೊರಿ ಹಂಚಿಕೊಂಡು ಓಡುವ ಎಳೆ) ಬಳಸಿ ಒಂದು ಪ್ರೋಗ್ರಾಮ್ ಬರೆದರೆ, ಒಮ್ಮೆಗೆ ಒಂದೇ ಥ್ರೆಡ್ ಬಳಸುವಂತೆ ಲಾಕ್ ಹಾಕುವುದನ್ನೇ ಮರೆಯುತ್ತಾರೆ. ಏನು ಮಾಡಬಹುದು? — ಅಧ್ಯಾಪಕರು, ಫೋಂಡಾ, ಗೋವಾ

ಉತ್ತರ: ಡೆಡ್‌ಲಾಕ್ ಎಂಬುದು ಲಾಕ್‌ಗಳಿಂದ ಬರುವ ತೊಂದರೆ, ಲಾಕ್ ಏಕೆ ಬೇಕೆಂಬುದೇ ಮನಸ್ಸಿಗೆ ನಾಟದವರಿಗೆ ಆ ತೊಂದರೆಯ ಪರಿಹಾರ ನಾಟುವುದಿಲ್ಲ. ಎರಡು ಥ್ರೆಡ್‌ಗಳು ಒಂದೇ ಎಣಿಕೆಯನ್ನು ತಲಾ 10 ಲಕ್ಷ ಬಾರಿ ಒಂದೊಂದಾಗಿ ಏರಿಸುವ ಪ್ರೋಗ್ರಾಮ್ ಬರೆಸಿ, ಕಂಪೈಲರಿನ ಆಪ್ಟಿಮೈಸೇಷನ್ (ಕೋಡನ್ನು ವೇಗಗೊಳಿಸುವ ಮಾರ್ಪಾಡು) ಇಲ್ಲದೆ ಓಡಿಸಿ. ಆಪ್ಟಿಮೈಸೇಷನ್ ಇದ್ದರೆ ಕಂಪೈಲರ್ ಇಡೀ ಲೂಪನ್ನೇ ಒಂದು ಕೂಡಿಕೆಯಾಗಿ ಮಾಡಿಬಿಡಬಹುದು, ಆಗ ಪಾಠವೇ ಮಾಯವಾಗುತ್ತದೆ. ಉತ್ತರ 20 ಲಕ್ಷಕ್ಕಿಂತ ಕಡಿಮೆ ಬರುತ್ತದೆ, ಪ್ರತಿ ಸಲವೂ ಬೇರೆ ಬೇರೆಯಾಗಿ ಬರುತ್ತದೆ. ಏರಿಸುವುದೆಂದರೆ ಮೆಮೊರಿಯಿಂದ ಓದುವುದು, ಒಂದು ಕೂಡುವುದು, ಮರಳಿ ಬರೆಯುವುದು ಎಂಬ ಮೂರು ಹೆಜ್ಜೆಗಳೆಂದು ಆಗ ತೋರಿಸಿ.

ಇಷ್ಟಕ್ಕೆ ನಿಲ್ಲಿಸದೆ ಮುಂದಿನ ಪ್ರಶ್ನೆಯನ್ನೂ ಕೇಳಿ: ಈ ಪ್ರೋಗ್ರಾಮ್ ಕೊಡಬಹುದಾದ ಅತಿ ಚಿಕ್ಕ ಉತ್ತರ ಯಾವುದು? ಹೆಚ್ಚಿನವರು 10 ಲಕ್ಷ ಎನ್ನುತ್ತಾರೆ. ಸರಿಯಾದ ಉತ್ತರ 2. ಮೊದಲನೆಯ ಥ್ರೆಡ್ 0 ಎಂದು ಓದಿಕೊಂಡು ಅಲ್ಲೇ ತಡೆಯಲ್ಪಡುತ್ತದೆ ಎಂದುಕೊಳ್ಳಿ. ಎರಡನೆಯದು ತನ್ನ ಕೊನೆಯ ಒಂದು ಸುತ್ತನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಗಿಸುತ್ತದೆ. ಈಗ ಮೊದಲನೆಯದು ಎಚ್ಚೆತ್ತು 1 ಎಂದು ಬರೆದು, ಅಷ್ಟೂ ಕೆಲಸವನ್ನು ಅಳಿಸಿಹಾಕುತ್ತದೆ. ಎರಡನೆಯದು ತನ್ನ ಕೊನೆಯ ಸುತ್ತಿಗಾಗಿ ಆ 1ನ್ನು ಓದಿಕೊಂಡು ತಡೆಯಲ್ಪಡುತ್ತದೆ. ಮೊದಲನೆಯದು ತನ್ನ ಉಳಿದ ಸುತ್ತುಗಳನ್ನೆಲ್ಲ ಮುಗಿಸುತ್ತದೆ. ಕೊನೆಗೆ ಎರಡನೆಯದು ಬಂದು 2 ಎಂದು ಬರೆಯುತ್ತದೆ. ಇದು ಪ್ರಯೋಗದಲ್ಲಿ ಕಾಣಸಿಗುವುದು ತೀರ ಅಸಂಭವ, ಆದರೆ ಯಾವ ನಿಯಮವೂ ಇದನ್ನು ತಡೆಯುವುದಿಲ್ಲ. ಈ ಕ್ರಮವನ್ನು ಗೋವೆಯ ನಿಮ್ಮ ವಿದ್ಯಾರ್ಥಿಗಳು ಕೊಂಕಣಿಯಲ್ಲಾಗಲಿ, ಮರಾಠಿಯಲ್ಲಾಗಲಿ, ಕನ್ನಡದಲ್ಲಾಗಲಿ ಒಬ್ಬರಿಗೊಬ್ಬರು ವಿವರಿಸಲಿ. ತಮ್ಮ ಮಾತಿನಲ್ಲಿ ಹೇಳಬಲ್ಲವರು ಮತ್ತೆ ಲಾಕ್ ಮರೆಯುವುದು ಅಪರೂಪ.

ಬ್ಯಾಂಕರ್ಸ್ ಅಲ್ಗಾರಿದಮ್ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರ ಸುಂದರ ಚಿಂತನೆ, ಅದನ್ನು ಒಂದು ತರಗತಿಯಲ್ಲಿ ಮುಗಿಸಬಹುದು. ಪ್ರತಿ ಪ್ರೋಸೆಸ್ ತನಗೆ ಬೇಕಾಗುವ ಗರಿಷ್ಠ ಸಂಪನ್ಮೂಲವನ್ನು ಮೊದಲೇ ಘೋಷಿಸಬೇಕೆಂಬ ಷರತ್ತಿನಿಂದಾಗಿ ಲಿನಕ್ಸ್, ವಿಂಡೋಸ್ ಮುಂತಾದ ಸಾಮಾನ್ಯ ಬಳಕೆಯ ವ್ಯವಸ್ಥೆಗಳು ಅದನ್ನು ಬಳಸುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಿ. ಕರ್ನಲ್ ಬರೆಯುವವರು ನಿಜವಾಗಿ ಪಾಲಿಸುವುದು ಲಾಕ್‌ಗಳನ್ನು ಯಾವಾಗಲೂ ಒಂದೇ ನಿಶ್ಚಿತ ಕ್ರಮದಲ್ಲಿ ಹಿಡಿಯಬೇಕೆಂಬ ಶಿಸ್ತನ್ನು. ಉಳಿದ ಸಮಯದಲ್ಲಿ ಮಾರ್ಸ್ ಪಾಥ್‌ಫೈಂಡರ್ ಪ್ರಕರಣವನ್ನು ಕಲಿಸಿ. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲಿಳಿದ ಆ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಾನಾಗಿ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಕೆಲಸವೊಂದು ಲಾಕ್ ಹಿಡಿದಿದ್ದಾಗ, ಅದೇ ಲಾಕಿಗಾಗಿ ಹೆಚ್ಚಿನ ಆದ್ಯತೆಯ, ಬಸ್ (ನೌಕೆಯ ಭಾಗಗಳ ನಡುವೆ ಮಾಹಿತಿ ಸಾಗಿಸುವ ಮಾರ್ಗ) ನಿರ್ವಹಣೆಯ ಕೆಲಸ ಕಾಯುತ್ತಿತ್ತು. ನಡುವಿನ ಆದ್ಯತೆಯ ಸಂವಹನದ ಕೆಲಸವೊಂದು ಬಂದು ಲಾಕ್ ಹಿಡಿದವನಿಗೆ ಸಿಪಿಯು ಸಿಗದಂತೆ ಮಾಡುತ್ತಿತ್ತು. ಬಸ್ ಕೆಲಸ ಸಮಯಕ್ಕೆ ಮುಗಿಯದ್ದನ್ನು ಕಂಡ ಕಾವಲು ಟೈಮರ್ ಇಡೀ ವ್ಯವಸ್ಥೆಯನ್ನು ರೀಸೆಟ್ ಮಾಡುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿದ್ದ ಪ್ರತಿರೂಪದಲ್ಲಿ ಈ ದೋಷವನ್ನು ಮರುಸೃಷ್ಟಿಸಿ, ಲಾಕ್ ಹಿಡಿದವನಿಗೆ ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಸೌಲಭ್ಯವನ್ನು ಅಲ್ಲಿಂದಲೇ ಚಾಲನೆಗೊಳಿಸಿದರು. ಇಲ್ಲಿ ಡೆಡ್‌ಲಾಕ್ ಇರಲಿಲ್ಲ ಎಂಬುದನ್ನು ಸಾಧಿಸಿ ತೋರಿಸುವಂತೆ ವಿದ್ಯಾರ್ಥಿಗಳನ್ನು ಕೇಳಿ. ಡೆಡ್‌ಲಾಕಿನ ನಾಲ್ಕು ಷರತ್ತುಗಳಲ್ಲಿ ಯಾವುದು ತಪ್ಪಿಹೋಗಿತ್ತು ಎಂದು ಹುಡುಕುವಾಗ ಅವು ಸಹಜವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಪ್ರಶ್ನೆ: ನಮ್ಮದು ಸಂಜೆಯ ಕಾಲೇಜು. ವಿದ್ಯಾರ್ಥಿಗಳು ಹಗಲು ದುಡಿದು ಬರುತ್ತಾರೆ. ಲ್ಯಾಬಿನಲ್ಲಿರುವುದು ಹಳೆಯ ವಿಂಡೋಸ್ ಯಂತ್ರಗಳು. ಕರ್ನಲ್‌ನ ಕೋಡನ್ನು ಓದಿಸುವುದು ನಮ್ಮಂಥಲ್ಲಿ ಸಾಧ್ಯವೇ? — ಅಧ್ಯಾಪಕರು, ಕುರ್ಲಾ

ಉತ್ತರ: ಸಾಧ್ಯ, ಮತ್ತು ದುಡಿಯುತ್ತ ಓದುವ ಈ ವಿದ್ಯಾರ್ಥಿಗಳಿಗೆ ಅದು ಸಲ್ಲಲೇಬೇಕು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಬೆಳೆದವರ ಪರಂಪರೆ ನಮ್ಮ ಮುಂದಿರುವಾಗ ಸಮಯದ ಅಭಾವವನ್ನು ನೆಪವಾಗಿಸಿ ಅವರಿಗೆ ತೆಳುವಾದ ಪಾಠ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಇರುವ ಯಂತ್ರಗಳಲ್ಲಿ ಉತ್ತಮವಾದ ಒಂದಕ್ಕೆ ಮಾತ್ರ ಲಿನಕ್ಸ್ ಹಾಕಿ, ಉಳಿದವುಗಳಿಂದ ಎಸ್‌ಎಸ್‌ಎಚ್ ಮೂಲಕ ಎಲ್ಲರೂ ಅದಕ್ಕೆ ಲಾಗಿನ್ ಆಗುವಂತೆ ಮಾಡಿ. ಫೋರ್ಕ್ ಪಾಠಕ್ಕೆ ಮೊದಲು ಪ್ರತಿ ಬಳಕೆದಾರರಿಗೂ ಯೂಲಿಮಿಟ್ ಮೂಲಕ ಪ್ರೋಸೆಸ್‌ಗಳ ಮಿತಿ ಹಾಕುವುದನ್ನು ಮರೆಯಬೇಡಿ. ಯಾರೋ ಒಬ್ಬರು ಲೂಪಿನೊಳಗೆ ಫೋರ್ಕ್ ಬರೆಯುವುದು ಖಂಡಿತ, ಮಿತಿ ಇಲ್ಲದಿದ್ದರೆ ಆ ಸಂಜೆಯ ಲ್ಯಾಬ್ ಅಲ್ಲಿಗೇ ಮುಗಿಯುತ್ತದೆ.

ಓದಿಸಲು ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಇದೆ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ 1975ರ ಆರನೆಯ ಆವೃತ್ತಿಯ ಮಾದರಿಯಲ್ಲಿ ಎಂಐಟಿ ಅಧ್ಯಾಪಕರು 2006ರಲ್ಲಿ ಪಾಠಕ್ಕೆಂದೇ ಇದನ್ನು ಸಿದ್ಧಪಡಿಸಿದರು. ಈಗಿನ ರೂಪ ರಿಸ್ಕ್-ಫೈವ್ ಪ್ರೊಸೆಸರಿಗೆ ಬರೆದದ್ದು. ಉಚಿತವಾಗಿ ಸಿಗುತ್ತದೆ, ಕೋಡ್ ಹತ್ತು ಸಾವಿರ ಸಾಲುಗಳೊಳಗಿದೆ, ಕ್ಯೂಇಎಮ್‌ಯು ಎಂಬ ಎಮ್ಯುಲೇಟರಿನಲ್ಲಿ (ಬೇರೊಂದು ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ) ಹಳೆಯ ಯಂತ್ರದಲ್ಲೂ ಓಡುತ್ತದೆ. ನಮ್ಮ ಪವಾಯಿಯ ಐಐಟಿ ಬಾಂಬೆಯ ಆಪರೇಟಿಂಗ್ ಸಿಸ್ಟಮ್ ಕೋರ್ಸ್ ಕೂಡ ಎಕ್ಸ್‌ವಿ6ನ್ನು ಬಳಸುತ್ತದೆ, ಅದರ ಉಪನ್ಯಾಸಗಳು ಅಂತರಜಾಲದಲ್ಲಿ ಸಿಗುತ್ತವೆ; ರೈಲಿನಲ್ಲಿ ಹೋಗಿಬರುವಾಗ ಕೇಳಲು ವಿದ್ಯಾರ್ಥಿಗಳಿಗೆ ಹೇಳಿ. ನಿಜವಾದ ಕರ್ನಲ್‌ನ ಕೋಡನ್ನು ತರಗತಿಯಲ್ಲಿ ಓದಿಸುವ ಕ್ರಮ ಹೊಸದೇನಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ 1976ರಲ್ಲೇ ಯುನಿಕ್ಸ್‌ನ ಆ ಆರನೆಯ ಆವೃತ್ತಿಯ ಕೋಡಿಗೆ ಸಾಲುಸಾಲಾಗಿ ಟಿಪ್ಪಣಿ ಬರೆದು ಕಲಿಸಿದರು. ಮುಂದಿನ ಆವೃತ್ತಿಯ ಪರವಾನಗಿ ತರಗತಿಯಲ್ಲಿ ಕೋಡ್ ಬಳಸುವುದನ್ನು ತಡೆದಾಗ ಆಂಡ್ರ್ಯೂ ಟನೆನ್‌ಬಾಮ್ ತಮ್ಮ ವಿದ್ಯಾರ್ಥಿಗಳಿಗಾಗಿ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದು 1987ರಲ್ಲಿ ಹೊರತಂದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸುವಾಗ ಬಳಸುತ್ತಿದ್ದದ್ದು ಆ ಮಿನಿಕ್ಸ್‌ನ್ನೇ.

ಎಕ್ಸ್‌ವಿ6ನ್ನು ಪೂರ್ತಿಯಾಗಿ ಓದಿಸಲು ಹೋಗಬೇಡಿ. ಮೊದಲ ಕೆಲಸವಾಗಿ ಒಂದು ಹೊಸ ಸಿಸ್ಟಮ್ ಕಾಲನ್ನು ಸೇರಿಸಲಿ. ತನ್ನನ್ನು ಕರೆದ ಪ್ರೋಸೆಸ್ ಇದುವರೆಗೆ ಎಷ್ಟು ಸಿಸ್ಟಮ್ ಕಾಲ್ ಮಾಡಿದೆ ಎಂದು ಅದು ತಿಳಿಸಲಿ. ಇದಕ್ಕಾಗಿ ಹಲವು ಫೈಲುಗಳಲ್ಲಿ ಒಂದೆರಡು ಸಾಲು ಬದಲಿಸಬೇಕಾಗುತ್ತದೆ, ಆ ಹುಡುಕಾಟದಲ್ಲಿ ಯೂಸರ್ ಪ್ರೋಗ್ರಾಮಿನಿಂದ ಕರ್ನಲ್‌ಗೆ ಹೋಗಿ ಮರಳುವ ದಾರಿಯೆಲ್ಲ ಪರಿಚಯವಾಗುತ್ತದೆ. ಎರಡನೆಯದಾಗಿ ಷೆಡ್ಯೂಲರಿನ ಫಂಕ್ಷನ್ ಓದಿಸಿ; ಪ್ರೋಸೆಸ್ ಟೇಬಲ್ಲಿನ 64 ಸ್ಥಾನಗಳನ್ನು ಸುತ್ತುತ್ತ ಓಡಲು ಸಿದ್ಧವಾಗಿರುವುದನ್ನು ಆರಿಸುವ ಆ ಪುಟ್ಟ ಲೂಪನ್ನು ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು, ಮುಂದಿನ ವಾರ ಅದಕ್ಕೆ ಆದ್ಯತೆಯನ್ನು ಸೇರಿಸಬಹುದು. ಮೌಖಿಕ ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳದೆ, ಅವರೇ ಬರೆದ ಕೋಡಿನ ಒಂದು ಸಾಲನ್ನು ತೋರಿಸಿ, ಈ ಸಾಲು ಓಡುವಾಗ ಸಿಪಿಯು ಯಾವ ಮೋಡಿನಲ್ಲಿದೆ, ಇಲ್ಲಿಗೆ ಯಾವ ಕಾರಣದಿಂದ ಬಂತು, ಇಲ್ಲಿಂದ ಯಾವ ಪ್ರೋಸೆಸ್ಸಿಗೆ ಮರಳಬಹುದು ಎಂದು ಕೇಳಿ. ಇಬ್ಬಿಬ್ಬರು ಕೂಡಿ ಕೆಲಸ ಮಾಡಲಿ, ಆದರೆ ಮೌಖಿಕ ಪರೀಕ್ಷೆ ಒಬ್ಬೊಬ್ಬರಿಗೇ ನಡೆಯಲಿ. ಕೆಲಸದಿಂದ ತಡವಾಗಿ ಬರುವವರಿಗೆ ರಜಾದಿನದಲ್ಲಿ ಅವಕಾಶ ಕೊಡಿ. ಯಂತ್ರ ಒಂದೇ ಆಗಿರುವುದರಿಂದ ಅದನ್ನು ಮನೆಯಿಂದಲೂ ಲಾಗಿನ್ ಆಗುವಂತೆ ತೆರೆದಿಡಲು ಕಾಲೇಜಿನ ಆಡಳಿತದ ಒಪ್ಪಿಗೆಯನ್ನು ಸೆಮಿಸ್ಟರ್ ಆರಂಭದಲ್ಲೇ ಪಡೆದುಕೊಳ್ಳಿ.